ಬಟ್ಟಲಿನ ಹೊರಗೂ ಒಳಗೂ

2024ರ ಮಾರ್ಚ್ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆದಾಗ ನಮ್ಮ ರಾಜ್ಯದ ಪರೀಕ್ಷಾ ಕೊಠಡಿಗಳಿಗೆ ಹೊಸ ಮೇಲ್ವಿಚಾರಕರೊಬ್ಬರು ಬಂದರು. ಅವರಿಗೆ ಸಂಬಳವಿಲ್ಲ, ತೂಕಡಿಕೆಯಿಲ್ಲ, ಊರಿನವರ ಮುಲಾಜಂತೂ ಇಲ್ಲವೇ ಇಲ್ಲ. ಗೋಡೆಯ ಮೂಲೆಯಲ್ಲಿ ಕುಳಿತ ಕ್ಯಾಮೆರಾ ಅದು. ಕೊಠಡಿಯೊಳಗಿನ ದೃಶ್ಯವನ್ನು ಬೇರೆಡೆ ಕುಳಿತ ಅಧಿಕಾರಿಗಳು ನೇರವಾಗಿ ನೋಡುವ ‘ವೆಬ್‌ಕಾಸ್ಟಿಂಗ್’ ವ್ಯವಸ್ಥೆ ಆ ವರ್ಷ ಜಾರಿಗೆ ಬಂತು. 2023ರಲ್ಲಿ ಶೇ 83.89ರಷ್ಟಿದ್ದ ರಾಜ್ಯದ ಫಲಿತಾಂಶ 2024ರಲ್ಲಿ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೆ! ಇಳಿದದ್ದೆಲ್ಲವೂ ಕ್ಯಾಮೆರಾದಿಂದಲೇ ಎಂದು ಹೇಳಲು ಬರುವುದಿಲ್ಲ. ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ನಮ್ಮ ಶೈಕ್ಷಣಿಕ ಜಿಲ್ಲೆಯ ಶಿಕ್ಷಕರ ಕೊಠಡಿಗಳಲ್ಲಿ ಆ ಬೇಸಿಗೆಯಲ್ಲಿ ಇದೊಂದೇ ಮಾತು.

ಆಗ ಹತ್ತನೇ ತರಗತಿಯ ಒಬ್ಬ ಹುಡುಗಿ ನನ್ನನ್ನು ಕೇಳಿದಳು: “ಸಾರ್, ಕ್ಯಾಮೆರಾ ಇದೆ ಅಂತ ಕಾಪಿ ಮಾಡದೇ ಇದ್ದವರನ್ನ ಪ್ರಾಮಾಣಿಕರು ಅನ್ನಬಹುದಾ?” ಅವಳು ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಮನೆಯವಳು. “ನಮ್ಮಜ್ಜಿ ಹೇಳೋ ಫರಿಸಾಯರ ಕಥೆ ಹಂಗೇ ಇದೆ ಇದು” ಎಂದು ತಾನೇ ಸೇರಿಸಿದಳು. ಅಜ್ಜಿ ಸರಿಯಾದ ಕಡೆಗೇ ಬೆರಳು ತೋರಿಸಿದ್ದಾರೆ. ನಿಯಮವನ್ನು ಪಾಲಿಸುವುದು ಬೇರೆ, ಒಳಗಿನಿಂದ ನೀತಿವಂತನಾಗಿರುವುದು ಬೇರೆ; ಇವೆರಡಕ್ಕೂ ಇರುವ ಸಂಬಂಧವೇನು ಎಂಬ ಪ್ರಶ್ನೆಯನ್ನು ಕ್ರೈಸ್ತ ಧರ್ಮ ಎರಡು ಸಾವಿರ ವರ್ಷಗಳಿಂದ ಅಗೆದು ನೋಡುತ್ತಲೇ ಬಂದಿದೆ. ನಾನು ಓದಿದ್ದು ಬಿ.ಎಸ್ಸಿ., ಬಿ.ಇಡಿ.; ಧರ್ಮಪಂಡಿತನಲ್ಲ. ಆದರೂ ಈ ಪ್ರಶ್ನೆ ತರಗತಿಯೊಳಕ್ಕೇ ನಡೆದುಬಂದಿರುವುದರಿಂದ ಈ ವಾರ ಅದನ್ನೇ ಎತ್ತಿಕೊಳ್ಳುತ್ತೇನೆ.

ಮೊದಲು ‘ನಿಯಮ’ ಎಂಬ ಶಬ್ದವನ್ನು ನೋಡೋಣ. ವಿಜ್ಞಾನದಲ್ಲಿ ನ್ಯೂಟನ್ನನ ನಿಯಮ, ಬಾಯ್ಲನ ನಿಯಮ ಎನ್ನುತ್ತೇವೆ. ಇವುಗಳನ್ನು ಕಾಯಲು ಪೊಲೀಸರು ಬೇಡ. ಮಧುಗಿರಿಯ ಏಕಶಿಲಾ ಬೆಟ್ಟ ಹತ್ತುವಾಗ ಕಾಲು ಜಾರಿದವನು, ಭಕ್ತನಾಗಿರಲಿ ನಾಸ್ತಿಕನಾಗಿರಲಿ, ಕೆಳಕ್ಕೇ ಬರುತ್ತಾನೆ. ಪ್ರಕೃತಿಯ ನಿಯಮವನ್ನು ಮೀರಲು ಯಾರಿಗೂ ಸಾಧ್ಯವಿಲ್ಲ. ಮನುಷ್ಯರ ನಡತೆಗೆಂದು ಇರುವ ನಿಯಮಗಳ ಗುಣವೇ ಬೇರೆ. ಅವನ್ನು ಮೀರಬಹುದು. ಅಷ್ಟೇ ಅಲ್ಲ, ಅವನ್ನು ಅಕ್ಷರಶಃ ಪಾಲಿಸುತ್ತಲೇ ಅವುಗಳ ಉದ್ದೇಶವನ್ನು ಗಾಳಿಗೆ ತೂರಲೂಬಹುದು. ಈ ಎರಡನೆಯ ಸಾಧ್ಯತೆಯೇ ಯೇಸುವನ್ನು ಬಹಳವಾಗಿ ಕಾಡಿತು.

ಯೇಸು ಹುಟ್ಟಿ ಬೆಳೆದದ್ದು ಯಹೂದ್ಯರ ನಡುವೆ. ಮೋಶೆಯ ಹೆಸರಿನಲ್ಲಿ ಬಂದ ಅವರ ಧರ್ಮಗ್ರಂಥದಲ್ಲಿ ಒಟ್ಟು 613 ಆಜ್ಞೆಗಳಿವೆ ಎಂದು ಅವರ ಪಂಡಿತರು ಲೆಕ್ಕ ಹಾಕಿದ್ದಾರೆ: ಮಾಡು ಎನ್ನುವಂಥವು 248, ಮಾಡಬೇಡ ಎನ್ನುವಂಥವು 365. ಏನು ತಿನ್ನಬೇಕು, ವಾರದ ಏಳನೆಯ ದಿನ ಏನು ಮಾಡಬಾರದು, ಬೆಳೆಯಲ್ಲಿ ಎಷ್ಟು ಪಾಲು ದೇವರಿಗೆ, ಹೊಲದ ಅಂಚಿನ ತೆನೆ ಯಾವ ಬಡವರಿಗೆ, ಎಲ್ಲಕ್ಕೂ ವಿಧಿಯುಂಟು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ 1831ರಲ್ಲಿ ಇಡೀ ಬೈಬಲ್ ಕನ್ನಡಕ್ಕೆ ಬಂತು. ಆಮೇಲೆ ಹಲವು ಸಲ ಪರಿಷ್ಕಾರವಾಗಿ ನಮ್ಮ ಕಡೆಯ ಮನೆಗಳಲ್ಲಿ ಬಳಕೆಗೆ ಬಂದ ಕನ್ನಡ ಬೈಬಲಿನಲ್ಲಿ ಈ ವಿಧಿಗಳ ಕಟ್ಟಿಗೆ ‘ಧರ್ಮಶಾಸ್ತ್ರ’ ಎಂಬ ಹೆಸರಿದೆ. ಅದನ್ನು ವಿವರಿಸುವವರು ‘ಶಾಸ್ತ್ರಿಗಳು’. ಒಳಗಿನ ಒಳ್ಳೆಯತನಕ್ಕೆ ‘ನೀತಿ’ ಎಂಬ ಪದ. ನಮ್ಮ ಅಗ್ರಹಾರದ ಭಾಷೆಯನ್ನೇ ಅಲ್ಲಿ ಕಂಡು ಯಾರಿಗಾದರೂ ಆಶ್ಚರ್ಯವಾಗಬಹುದು. ಆದರೆ ಅನುವಾದಕರ ಜಾಣ್ಮೆಯನ್ನು ಮೆಚ್ಚಬೇಕು. ಕನ್ನಡ ಓದುಗನಿಗೆ ಸಮಸ್ಯೆ ಪರದೇಶದ್ದು ಎನಿಸುವುದೇ ಇಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ‘ಫರಿಸಾಯ’ ಎಂದರೆ ಕಪಟಿ ಎಂಬ ಅರ್ಥ ಜನರ ಬಾಯಲ್ಲಿ ನಿಂತುಬಿಟ್ಟಿದೆ. ಇದು ನ್ಯಾಯವಲ್ಲ. ಫರಿಸಾಯರು ತಮ್ಮ ಕಾಲದ ಶ್ರದ್ಧಾವಂತರು, ಓದಿದವರು, ಜನಸಾಮಾನ್ಯರಿಗೆ ಹತ್ತಿರವಿದ್ದವರು. ದೇವರಿಗೆ ಬೇಕಾದದ್ದು ಬಲಿಗಿಂತ ನ್ಯಾಯ, ದಯೆ ಎಂದು ಯೇಸುವಿಗಿಂತ ನೂರಾರು ವರ್ಷ ಮೊದಲೇ ಗುಡುಗಿದ ಆಮೋಸ, ಮೀಕ ಯಹೂದ್ಯ ಪ್ರವಾದಿಗಳೇ. ಧರ್ಮಶಾಸ್ತ್ರವನ್ನು ಕಲ್ಲಿನ ಮೇಲಲ್ಲ, ಹೃದಯದ ಮೇಲೆ ಬರೆಯುವ ದಿನ ಬರುತ್ತದೆ ಎಂದವನು ಯೆರೆಮೀಯ. ಯೇಸು ಬೈದದ್ದು ಒಂದು ಜನಾಂಗಕ್ಕೆ ಅಂಟಿದ ರೋಗವನ್ನಲ್ಲ. ಶ್ರದ್ಧೆಯಿರುವ ಎಲ್ಲರಿಗೂ, ಚರ್ಚಿಗೆ ಹೋಗುವವರಿಗೂ ದೇವಸ್ಥಾನಕ್ಕೆ ಹೋಗುವವರಿಗೂ, ಬರುವ ರೋಗವನ್ನು.

ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಿಂದ ಏಳನೆಯದರವರೆಗೆ ‘ಪರ್ವತ ಪ್ರಸಂಗ’ವಿದೆ. ಅಲ್ಲಿ ಯೇಸು ಧರ್ಮಶಾಸ್ತ್ರವನ್ನು ರದ್ದು ಮಾಡಲು ಬಂದವನು ತಾನಲ್ಲ ಎಂದು ಮೊದಲೇ ಸ್ಪಷ್ಟಪಡಿಸುತ್ತಾನೆ. ಆಮೇಲೆ ಒಂದೊಂದೇ ವಿಧಿಯನ್ನು ಎತ್ತಿಕೊಂಡು ಒಳಕ್ಕೆ ತಿರುಗಿಸುತ್ತಾನೆ. ಕೊಲೆ ಮಾಡಬಾರದು ಎಂಬುದು ವಿಧಿ. ಸರಿ, ನೀನು ಯಾರನ್ನೂ ಕೊಂದಿಲ್ಲ. ಆದರೆ ತಮ್ಮನ ಮೇಲೆ ಹಗೆಯನ್ನು ಹೊಟ್ಟೆಯಲ್ಲಿ ಕಾಯಿಸುತ್ತಿದ್ದೀಯಲ್ಲ, ಅದು? ಕಾಣಿಕೆ ಹಿಡಿದು ದೇವರ ಮುಂದೆ ನಿಂತಾಗ ಅಣ್ಣತಮ್ಮಂದಿರ ಜಗಳ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು, ಮೊದಲು ಹೋಗಿ ರಾಜಿ ಮಾಡಿಕೊಂಡು ಬಾ ಎನ್ನುತ್ತಾನೆ. ಬದುವಿನ ಜಗಳಕ್ಕೆ ಇಪ್ಪತ್ತು ವರ್ಷ ಕೋರ್ಟಿಗೆ ಅಲೆಯುತ್ತಲೇ ಜಾತ್ರೆಯಲ್ಲಿ ಹರಕೆ ತೀರಿಸುವ ಮನೆಗಳು ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಎಷ್ಟಿಲ್ಲ! ಉಪವಾಸ ಮಾಡುವವನು ಮುಖ ಜೋಲು ಹಾಕಿಕೊಳ್ಳದೆ ತೊಳೆದುಕೊಂಡು ಓಡಾಡಲಿ. ದಾನ ಮಾಡುವವನು ತುತ್ತೂರಿ ಊದಿಸದಿರಲಿ. ಶಾಲೆಗೆ ಕೊಡಿಸಿದ ಸೀಲಿಂಗ್ ಫ್ಯಾನಿನ ರೆಕ್ಕೆಯ ಮೇಲೆ ದಾನಿಯ ಹೆಸರು ಬರೆಸಿದ್ದನ್ನು ನಾನು ಕಂಡಿದ್ದೇನೆ. ತಿರುಗುವಾಗ ಹೆಸರು ಕಾಣಿಸುವುದಿಲ್ಲವೆಂದು ಆ ಮಹನೀಯರು ಬೇಸರಪಟ್ಟುಕೊಂಡರಂತೆ.

ಅಡುಗೆಮನೆಯ ಉದಾಹರಣೆಯೊಂದು ನನಗೆ ಬಹಳ ಇಷ್ಟ. ಪುದೀನ, ಸಬ್ಬಸಿಗೆ, ಜೀರಿಗೆಯಂಥ ಚಿಲ್ಲರೆ ಪದಾರ್ಥಗಳಲ್ಲೂ ಹತ್ತರಲ್ಲಿ ಒಂದು ಪಾಲನ್ನು ಎಣಿಸಿ ದೇವರಿಗೆ ಕೊಡುವವರಿದ್ದರು. ಜೀರಿಗೆ ಎಣಿಸುತ್ತೀರಿ, ನ್ಯಾಯವನ್ನೂ ದಯೆಯನ್ನೂ ಮರೆಯುತ್ತೀರಿ ಎಂದು ಯೇಸು ಅವರನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಆದರೆ ಜೀರಿಗೆ ಎಣಿಸುವುದನ್ನು ಬಿಡಿ ಎಂದು ಹೇಳಲಿಲ್ಲ. ಅದನ್ನೂ ಮಾಡಿ, ಇದನ್ನು ಬಿಡಬೇಡಿ ಎಂದ. ಇದನ್ನು ಮರೆಯಬಾರದು.

ಪೋಷಕರು ಓದಬೇಕಾದ ಮತ್ತೊಂದು ಪ್ರಸಂಗ ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿದೆ. ವಯಸ್ಸಾದ ತಂದೆತಾಯಿಯನ್ನು ಸಾಕಬೇಕಾದ ಮಗ ತನ್ನ ಹಣವನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮೀಸಲು, ಎಂದು ಸಾರಿಬಿಟ್ಟರೆ ಆ ಹಣದಿಂದ ಹೆತ್ತವರಿಗೆ ಕೊಡಬೇಕಾಗಿರಲಿಲ್ಲ. ವಿಧಿಯಿಂದಲೇ ವಿಧಿಯನ್ನು ಹೊಡೆಯುವ ಉಪಾಯ. ಹೆತ್ತವರನ್ನು ಗೌರವಿಸು ಎಂಬ ದೊಡ್ಡ ಆಜ್ಞೆಯನ್ನು ನಿಮ್ಮ ಸಂಪ್ರದಾಯದಿಂದಲೇ ಹೂತುಹಾಕಿದಿರಿ ಎಂದು ಯೇಸು ಸಿಟ್ಟಾದ. ಇಂಥವರನ್ನು ಅವನು ಕರೆದದ್ದು ‘ಕಪಟಿಗಳು’ ಎಂದು. ಗ್ರೀಕ್ ಮೂಲದಲ್ಲಿ ಅಲ್ಲಿರುವ ಪದ ‘ಹುಪೊಕ್ರಿಟೆಸ್’. ಅದರ ಹಳೆಯ ಅರ್ಥ ರಂಗದ ಮೇಲಿನ ನಟ. ಗುಬ್ಬಿ ಕಂಪನಿಯ ಜಿಲ್ಲೆಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಟಕದಲ್ಲಿ ವೇಷ ಹಾಕುವವನಲ್ಲಿ ತಪ್ಪೇನೂ ಇಲ್ಲ. ಆಟ ಮುಗಿದ ಮೇಲೂ ಬಣ್ಣ ತೊಳೆಯದೆ, ತಾನೇ ಹರಿಶ್ಚಂದ್ರ ಎಂದು ನಂಬಿ ಮನೆಗೆ ಹೋಗುವವನದೇ ತೊಂದರೆ.

ಬಟ್ಟಲಿನ ಮಾತು ಬರುವುದು ಇಲ್ಲಿಯೇ. ಬಟ್ಟಲಿನ ಹೊರಮೈಯನ್ನು ಉಜ್ಜಿ ಉಜ್ಜಿ ಫಳಫಳ ಮಾಡುತ್ತೀರಿ, ಒಳಗೆ ಕೊಳಕು ತುಂಬಿದೆ, ಮೊದಲು ಒಳಭಾಗ ಶುದ್ಧವಾಗಲಿ ಎಂದು ಯೇಸು ಹೇಳಿದ. ಪಾವಗಡದ ಮಕ್ಕಳಿಗೆ ಇದನ್ನು ನಾನು ಬೇರೆ ರೀತಿ ಹೇಳುತ್ತೇನೆ. ನಿಮ್ಮೂರಿನ ಆಳದ ಕೊಳವೆಬಾವಿಯಿಂದ ಬಂದ ನೀರನ್ನು ಹೊಳೆಯುವ ಸ್ಟೀಲ್ ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿ. ತಿಳಿಯಾಗಿದೆ, ವಾಸನೆಯಿಲ್ಲ. ಆದರೆ ಅದರಲ್ಲಿ ಫ್ಲೋರೈಡ್ ಇರಬಹುದು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ, ದೊಡ್ಡವರ ಮೂಳೆಗಳಲ್ಲಿ ಬಿಗಿತ. ಬಿಳಿ ಬಟ್ಟೆಯಲ್ಲಿ ಸೋಸಿದರೆ ಹೋಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಫ್ಲೋರೈಡಿನ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ.

ಹಾಗಾದರೆ ಧರ್ಮಶಾಸ್ತ್ರಕ್ಕೆ ಕೆಲಸವೇನು? ಇದಕ್ಕೆ ಉತ್ತರ ಕೊಟ್ಟವನು ಪೌಲ. ಸ್ವತಃ ಫರಿಸಾಯನಾಗಿದ್ದವನು, ವಿಧಿಪಾಲನೆಯಲ್ಲಿ ತನ್ನಲ್ಲಿ ಕುಂದು ಹುಡುಕಲಾಗದು ಎಂದು ಹೇಳಿಕೊಳ್ಳಬಲ್ಲವನಾಗಿದ್ದ. ರೋಮಾಪುರದವರಿಗೆ ಬರೆದ ಪತ್ರದ ಏಳನೆಯ ಅಧ್ಯಾಯದಲ್ಲಿ ಅವನು ಧರ್ಮಶಾಸ್ತ್ರವೇನೋ ಪವಿತ್ರವಾದದ್ದೇ, ಪಾಪ ಯಾವುದೆಂದು ತನಗೆ ತಿಳಿದದ್ದೇ ಅದರಿಂದ ಎನ್ನುತ್ತಾನೆ. ಆದರೆ ತಿಳಿದ ಮಾತ್ರಕ್ಕೆ ಏನಾಯಿತು? ಒಳ್ಳೆಯದೆಂದು ಗೊತ್ತಿರುವುದನ್ನು ಮಾಡಲಾಗುತ್ತಿಲ್ಲ, ಬೇಡವೆಂದು ಗೊತ್ತಿರುವುದೇ ಕೈಯಿಂದ ಆಗುತ್ತಿದೆ ಎಂದು ನರಳುತ್ತಾನೆ. ವಿಜ್ಞಾನದ ಮಾತಿನಲ್ಲಿ ಹೇಳುವುದಾದರೆ ಧರ್ಮಶಾಸ್ತ್ರ ಒಂದು ಪರೀಕ್ಷಾ ದ್ರಾವಣ. ನೀರಿಗೆ ಎರಡು ಹನಿ ಹಾಕಿದಿರಿ, ಬಣ್ಣ ಕೆಂಪಿನಿಂದ ಹಳದಿಗೆ ತಿರುಗಿತು, ಫ್ಲೋರೈಡ್ ಇದೆ ಎಂದು ಗೊತ್ತಾಯಿತು. ಆದರೆ ಎಷ್ಟೇ ಸಲ ಪರೀಕ್ಷಿಸಿದರೂ ಫ್ಲೋರೈಡ್ ಅಲ್ಲೇ ಇರುತ್ತದೆ. ಅದನ್ನು ತೆಗೆಯಲು ಬೇರೆಯೇ ವಿಧಾನ ಬೇಕು. ಹಾಗೆಂದು ಪರೀಕ್ಷಾ ದ್ರಾವಣವನ್ನು ಚರಂಡಿಗೆ ಚೆಲ್ಲಿದರೆ? ನೀರು ಶುದ್ಧವಾಗುವುದಿಲ್ಲ, ಅಶುದ್ಧವೆಂದು ತಿಳಿಯುವುದೂ ನಿಂತುಹೋಗುತ್ತದೆ.

ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲ ಇನ್ನೊಂದು ಹೋಲಿಕೆ ಕೊಡುತ್ತಾನೆ. ಶಿಕ್ಷಕನಾದ ನನಗೆ ಇದು ಮೊದಲಿನದಕ್ಕಿಂತ ಹಿಡಿಸುತ್ತದೆ. ಗ್ರೀಕರ ಸ್ಥಿತಿವಂತ ಮನೆಗಳಲ್ಲಿ ಹುಡುಗನನ್ನು ಪಾಠಶಾಲೆಗೆ ಕರೆದೊಯ್ಯಲು ಒಬ್ಬ ಆಳಿರುತ್ತಿದ್ದ. ಅವನಿಗೆ ‘ಪೈಡಗೋಗಸ್’ ಎಂದು ಹೆಸರು. ಪುಸ್ತಕ ಹೊರುವುದು, ದಾರಿಯಲ್ಲಿ ಪೋಲಿಗಳ ಜೊತೆ ಸೇರದಂತೆ ನೋಡಿಕೊಳ್ಳುವುದು, ತಂಟೆ ಮಾಡಿದರೆ ಕಿವಿ ಹಿಂಡುವುದು ಅವನ ಕೆಲಸ. ಪಾಠ ಹೇಳುವುದು ಅವನ ಕೆಲಸವಲ್ಲ. ಧರ್ಮಶಾಸ್ತ್ರ ಆ ಆಳಿನಂತೆ ಎನ್ನುತ್ತಾನೆ ಪೌಲ. ಹುಡುಗ ದೊಡ್ಡವನಾಗುವವರೆಗೆ ಅವನ ಅಗತ್ಯವುಂಟು. ದೊಡ್ಡವನಾದ ಮೇಲೂ ಆಳು ಕೈ ಹಿಡಿದು ನಡೆಸುತ್ತಿದ್ದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಬಿ.ಇಡಿ. ತರಗತಿಯಲ್ಲಿ ‘ಪೆಡಗಾಜಿ’ ಎಂದು ನಾವು ಬಾಯಿಪಾಠ ಮಾಡಿದ ಪದ ಹುಟ್ಟಿದ್ದು ಈ ಬಡಪಾಯಿ ಆಳಿನಿಂದ. ಪರೀಕ್ಷಾ ಕೊಠಡಿಯ ಕ್ಯಾಮೆರಾ ಯಾವ ಸ್ಥಾನದ್ದು ಎಂದು ಈಗ ಆ ಹುಡುಗಿಗೆ ಹೇಳಬಹುದು. ಅದು ಪೈಡಗೋಗಸ್. ಶಾಲೆಯ ಬಾಗಿಲವರೆಗೆ ತಂದು ಬಿಡುತ್ತದೆ.

ಪೌಲನ ಪತ್ರಗಳನ್ನು ಹಿಡಿದು ಒದ್ದಾಡಿದವರಲ್ಲಿ ಜರ್ಮನಿಯ ಮಾರ್ಟಿನ್ ಲೂಥರ್ ಪ್ರಸಿದ್ಧ. 1505ರಲ್ಲಿ ಸಂನ್ಯಾಸಿ ಮಠ ಸೇರಿ, ಉಪವಾಸ ಜಾಗರಣೆಗಳಿಂದ ದೇಹ ದಂಡಿಸಿ, ಗಂಟೆಗಟ್ಟಲೆ ಪಾಪನಿವೇದನೆ ಮಾಡಿದರೂ ಆತನಿಗೆ ಸಮಾಧಾನ ಸಿಗಲಿಲ್ಲ. ಎಷ್ಟು ಮಾಡಿದರೆ ಸಾಕು ಎಂಬ ಪ್ರಶ್ನೆಗೆ ಕೊನೆಯಿಲ್ಲ. ಕಡೆಗೆ ರೋಮಾಪುರದವರ ಪತ್ರದಲ್ಲಿ ಆತ ಕಂಡುಕೊಂಡದ್ದು, ನೀತಿ ಎಂಬುದು ನಾವು ಗಳಿಸಿ ದೇವರಿಗೆ ಒಪ್ಪಿಸುವ ಅಂಕಪಟ್ಟಿಯಲ್ಲ, ನಂಬಿದವನಿಗೆ ದೇವರು ಕೊಡುವ ವರ ಎಂದು. ಇದಕ್ಕೆ ‘ಕೃಪೆ’ ಎಂದು ಹೆಸರು. ನಮ್ಮ ಮಕ್ಕಳಿಗೆ ಕೃಪೆ ಎಂದೊಡನೆ ಕೃಪಾಂಕವೇ ನೆನಪಾಗುತ್ತದೆ! ನಾವು ಇಪ್ಪತ್ತೈದು ತೆಗೆದರೆ ಮಂಡಳಿಯವರು ಹತ್ತು ಸೇರಿಸಿ ಮೂವತ್ತೈದು ಮಾಡುತ್ತಿದ್ದ ಲೆಕ್ಕ. ಲೂಥರ್ ಹೇಳಿದ್ದು ಖಂಡಿತ ಅದಲ್ಲ. ಅವನ ಕೃಪೆಯಲ್ಲಿ ಮೊದಲ ಇಪ್ಪತ್ತೈದೂ ನಮ್ಮದಲ್ಲ. ಮನೆ ಬಿಟ್ಟು ಹೋಗಿ ಆಸ್ತಿ ಕಳೆದು ಬಂದ ಮಗನನ್ನು ಲೆಕ್ಕ ಕೇಳದೆ ಅಪ್ಪಿಕೊಂಡ ತಂದೆಯ ಕಥೆಯನ್ನು ಯೇಸು ಹೇಳಿದ್ದಾನಲ್ಲ, ಆ ಜಾತಿಯದು. ಕನ್ನಡದ ಇತ್ತೀಚಿನ ಬೈಬಲ್ ಅನುವಾದವೊಂದರಲ್ಲಿ ‘ನೀತಿ’ಯ ಜಾಗದಲ್ಲಿ ‘ದೇವರೊಡನೆ ಸತ್ಸಂಬಂಧ’ ಎಂಬ ಮಾತು ಬಂದಿರುವುದಕ್ಕೆ ಕಾರಣ ಇದೇ ಇರಬೇಕು. ಹಳೆಯ ಪದ ಕಿವಿಗೆ ಹಿತ. ಹೊಸದು ಅರ್ಥಕ್ಕೆ ಹತ್ತಿರ.

ಇನ್ನೂರು ವರ್ಷಗಳ ನಂತರ ಲೂಥರನ ಈ ಮಾತು ಒಬ್ಬ ಇಂಗ್ಲಿಷ್ ಪಾದ್ರಿಯನ್ನು ತಟ್ಟಿತು. ಅಲ್ಲಿಂದ ಹೊರಟ ದಾರಿ ನಮ್ಮ ಜಿಲ್ಲೆಗೆ ಬಂದು ಮುಟ್ಟುತ್ತದೆ. ಜಾನ್ ವೆಸ್ಲಿ 1703ರಲ್ಲಿ ಹುಟ್ಟಿದವರು. ಆಕ್ಸ್‌ಫರ್ಡಿನಲ್ಲಿ ಅವರೂ ಗೆಳೆಯರೂ ಸೇರಿ ವಾರಕ್ಕೆರಡು ದಿನ ಉಪವಾಸ, ನಿಗದಿತ ಹೊತ್ತಿಗೆ ಪ್ರಾರ್ಥನೆ, ಜೈಲಿನ ಕೈದಿಗಳ ಭೇಟಿ ಎಂದು ಗಡಿಯಾರದಂತೆ ಬದುಕುತ್ತಿದ್ದರು. ಇವರ ಕಟ್ಟುನಿಟ್ಟಾದ ಕ್ರಮ, ಅಂದರೆ ‘ಮೆಥಡ್’, ಕಂಡು ಇತರರು ಲೇವಡಿ ಮಾಡಿ ‘ಮೆಥಡಿಸ್ಟ್’ ಎಂದು ಕರೆದರು. 1736ರಲ್ಲಿ ಅಮೆರಿಕೆಗೆ ಹೋಗುವ ಹಡಗು ಬಿರುಗಾಳಿಗೆ ಸಿಕ್ಕಿದಾಗ ವೆಸ್ಲಿ ನಡುಗಿಹೋದರು; ಅದೇ ಹಡಗಿನಲ್ಲಿದ್ದ ಮೊರೇವಿಯನ್ ಪಂಥದ ಜರ್ಮನರು, ಹೆಂಗಸರು ಮಕ್ಕಳೂ ಸೇರಿದಂತೆ, ಶಾಂತವಾಗಿ ಹಾಡುತ್ತಿದ್ದರು. ಇಷ್ಟೆಲ್ಲ ನಿಯಮ ಪಾಲಿಸಿದ ತನ್ನಲ್ಲಿ ಇಲ್ಲದ್ದು ಅವರಲ್ಲಿ ಏನಿದೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಸಭೆಯೊಂದಕ್ಕೆ ಒಲ್ಲದ ಮನಸ್ಸಿನಿಂದಲೇ ಹೋದರು. ಅಲ್ಲಿ ಒಬ್ಬರು ರೋಮಾಪುರದವರ ಪತ್ರಕ್ಕೆ ಲೂಥರ್ ಬರೆದ ಮುನ್ನುಡಿಯನ್ನು ಓದುತ್ತಿದ್ದರು. ಒಂಬತ್ತು ಗಂಟೆಗೆ ಕಾಲು ಗಂಟೆ ಇರುವಾಗ ತಮ್ಮ ಎದೆ ಬೆಚ್ಚಗಾದ ಅನುಭವವಾಯಿತೆಂದು ವೆಸ್ಲಿ ದಿನಚರಿಯಲ್ಲಿ ಬರೆದುಕೊಂಡಿದ್ದಾರೆ. ಒಳಗಿನ ಘಟನೆಗೂ ಸಮಯ ನಮೂದಿಸಿದ ಆ ‘ಮೆಥಡ್’ ನೋಡಿ! ಪ್ರಯೋಗದ ದಾಖಲೆ ಹಾಗಿರಬೇಕು.

ಈ ವೆಸ್ಲಿಯವರ ಅನುಯಾಯಿಗಳೇ 1837ರಲ್ಲಿ ತುಮಕೂರಿನ ಪಕ್ಕದ ಗುಬ್ಬಿಯಲ್ಲಿ ನೆಲೆ ಹೂಡಿದವರು. ಥಾಮಸ್ ಹಾಡ್ಸನ್ ಅಲ್ಲಿ ಕನ್ನಡ ಕಲಿತು ಮುಂದೆ ಕನ್ನಡ ವ್ಯಾಕರಣವನ್ನೂ ಬರೆದರು. ಅಲ್ಲಿಗೆ ಬಂದ ತರುಣ ವಿಲಿಯಂ ಆರ್ಥರ್ ಕಣ್ಣಿನ ತೊಂದರೆಯಿಂದ ಬೇಗನೆ ಊರಿಗೆ ಮರಳಬೇಕಾಯಿತು; 1847ರಲ್ಲಿ ಮೈಸೂರು ಸೀಮೆಯ ಬಗ್ಗೆ ಪುಸ್ತಕ ಬರೆದರು. 1947ರ ಸೆಪ್ಟೆಂಬರ್ 27ರಂದು ವೆಸ್ಲಿಯನ್ ಸಭೆಗಳೂ ಇತರ ಕೆಲವು ಸಭೆಗಳೂ ಕೂಡಿ ದಕ್ಷಿಣ ಭಾರತ ಸಭೆ, ಜನರ ಬಾಯಲ್ಲಿ ‘ಸಿ.ಎಸ್.ಐ.’, ಆಯಿತು.

ಎದೆ ಬೆಚ್ಚಗಾದ ಮೇಲೆ ವೆಸ್ಲಿ ನಿಯಮಗಳನ್ನು ಕಿತ್ತೆಸೆದರೇ? ಇಲ್ಲ. 1743ರಲ್ಲಿ ತಮ್ಮ ಸಂಘಗಳಿಗೆ ನಿಯಮಾವಳಿಯನ್ನೇ ಬರೆದರು: ಕೇಡು ಮಾಡಬೇಡಿ, ಆದಷ್ಟು ಒಳಿತು ಮಾಡಿ, ಪ್ರಾರ್ಥನೆ ಆರಾಧನೆ ಬಿಡಬೇಡಿ. ಸಾಯುವ ಕೆಲವೇ ದಿನ ಮೊದಲು, 1791ರ ಫೆಬ್ರುವರಿಯಲ್ಲಿ, ಗುಲಾಮರ ವ್ಯಾಪಾರದ ವಿರುದ್ಧ ಹೋರಾಡುತ್ತಿದ್ದ ವಿಲ್ಬರ್‌ಫೋರ್ಸ್ ಅವರಿಗೆ ಪತ್ರ ಬರೆದು ಹುರಿದುಂಬಿಸಿದರು. ಗುಲಾಮರನ್ನು ಕೊಳ್ಳುವುದು ಮಾರುವುದು ಆಗ ಇಂಗ್ಲಿಷರ ಕಾನೂನಿಗೆ ಸಮ್ಮತವಾಗಿತ್ತು ಎಂಬುದನ್ನು ಗಮನಿಸಬೇಕು.

ಈ ದಾರಿಯ ಇನ್ನೊಂದು ಪಕ್ಕದಲ್ಲೂ ಹಳ್ಳವಿದೆ. ‘ನನ್ನ ಮನಸ್ಸು ಚೆನ್ನಾಗಿದೆ, ನನಗೆ ನೇಮ ನಿಯಮ ಯಾತಕ್ಕೆ’ ಎನ್ನುವವರ ಹಳ್ಳ. ಪ್ರಾರ್ಥನೆಗೆ ಬರುವುದಿಲ್ಲ, ತಡವಾಗಿ ಬರುತ್ತಾನೆ, ಸಾಲ ತೀರಿಸುವುದಿಲ್ಲ. ಕೇಳಿದರೆ ‘ಹೃದಯ ಮುಖ್ಯ’. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂದು ಬೈಬಲಿನಲ್ಲೇ ಯಾಕೋಬನ ಪತ್ರ ಹೇಳುತ್ತದೆ. ಲೂಥರನಿಗೆ ಆ ಪತ್ರ ಅಷ್ಟಾಗಿ ರುಚಿಸಲಿಲ್ಲ, ಹುಲ್ಲಿನಂಥದ್ದು ಎಂದುಬಿಟ್ಟ. ಈ ವಿಷಯದಲ್ಲಿ ನನ್ನ ಮತ ಯಾಕೋಬನ ಕಡೆಗೆ. ಹಿಟ್ಲರನನ್ನು ಎದುರಿಸಿ 1945ರಲ್ಲಿ ಗಲ್ಲಿಗೇರಿದ ಡೀಟ್ರಿಕ್ ಬಾನ್‌ಹಾಫರ್ ಎಂಬ ಲೂಥರನ ಪಂಥದ ಪಾದ್ರಿಯೇ 1937ರ ತನ್ನ ಪುಸ್ತಕದಲ್ಲಿ ‘ಅಗ್ಗದ ಕೃಪೆ’ ಎಂಬ ಮಾತು ಬಳಸಿ ತನ್ನವರನ್ನು ಎಚ್ಚರಿಸಿದ.

ಕಾನೂನೇ ನೀತಿಗಿಂತ ಹಿಂದೆ ಬಿದ್ದದ್ದೂ ಉಂಟು. ನಮ್ಮ ನೆರೆಯ ಕೇರಳದ ಹಳೆಯ ತಿರುವಾಂಕೂರು ಪ್ರಾಂತದಲ್ಲಿ ಕ್ರೈಸ್ತರಿಗೆ 1916ರ ಒಂದು ಉತ್ತರಾಧಿಕಾರ ಕಾನೂನಿತ್ತು. ಉಯಿಲು ಬರೆಯದೆ ತಂದೆ ತೀರಿಕೊಂಡರೆ ಮಗಳಿಗೆ ಸಿಗುತ್ತಿದ್ದುದು ಮಗನ ಪಾಲಿನ ನಾಲ್ಕರಲ್ಲೊಂದು ಅಥವಾ 5,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಕೋಟ್ಟಯಂನಲ್ಲಿ ಶಾಲೆ ನಡೆಸುತ್ತಿದ್ದ ಮೇರಿ ರಾಯ್ ಎಂಬ ಶಿಕ್ಷಕಿ ಸುಪ್ರೀಂ ಕೋರ್ಟಿಗೆ ಹೋದರು. 1986ರಲ್ಲಿ ತೀರ್ಪು ಅವರ ಪರವಾಗಿ ಬಂತು; 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೂ ಸಮಪಾಲು ಎಂದಾಯಿತು. ಆ ಎಪ್ಪತ್ತು ವರ್ಷ ಮಗಳಿಗೆ ಐದು ಸಾವಿರ ಎಣಿಸಿ ಕೊಟ್ಟ ಅಣ್ಣತಮ್ಮಂದಿರು ಕಾನೂನನ್ನು ಅಕ್ಷರಶಃ ಪಾಲಿಸಿದವರೇ. ಭಾನುವಾರ ಅವರೆಲ್ಲ ಪರ್ವತ ಪ್ರಸಂಗವನ್ನು ಓದಿದವರೂ ಹೌದು. ಕಾನೂನು ಬದಲಾಗುವ ಮೊದಲೇ ಅಕ್ಕತಂಗಿಯರಿಗೆ ಸಮಪಾಲು ಕೊಟ್ಟ ಮನೆಗಳನ್ನು ಯಾವ ಕಾನೂನೂ ಹಾಗೆ ಮಾಡಿ ಎಂದಿರಲಿಲ್ಲ.

ಈಗ ಮತ್ತೆ ನಮ್ಮ ಪ್ರಯೋಗಾಲಯಕ್ಕೆ ಬರೋಣ. ಪಿಯುಸಿಯಲ್ಲಿ ಸರಳ ಲೋಲಕದ ಪ್ರಯೋಗವಿದೆ. ದಾರಕ್ಕೆ ಗುಂಡು ಕಟ್ಟಿ ತೂಗಿಸಿ, ಗುರುತ್ವ ವೇಗೋತ್ಕರ್ಷದ ಬೆಲೆ ಕಂಡುಹಿಡಿಯಬೇಕು. ರೆಕಾರ್ಡ್ ಪುಸ್ತಕಗಳನ್ನು ತೆರೆದು ನೋಡಿ: ಎಲ್ಲರದೂ 980, ಹೆಚ್ಚೆಂದರೆ 979.8. ಒಂದು ಮೀಟರ್ ಉದ್ದದ ಲೋಲಕ 20 ಸಲ ತೂಗಲು ಸುಮಾರು 40 ಸೆಕೆಂಡ್ ಬೇಕು. ಸ್ಟಾಪ್ ವಾಚ್ ಒತ್ತುವುದರಲ್ಲಿ ಅರ್ಧ ಸೆಕೆಂಡ್ ಹೆಚ್ಚುಕಡಿಮೆಯಾದರೂ ಉತ್ತರ 24ರಷ್ಟು ಅತ್ತಲೋ ಇತ್ತಲೋ ಸರಿಯುತ್ತದೆ. ಅಂದಮೇಲೆ ಇಡೀ ತರಗತಿಗೆ 980 ಬಂದದ್ದು ಹೇಗೆ? ಮೊದಲು ಉತ್ತರ ಬರೆದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ವಾಚನಗಳನ್ನು ತುಂಬಿದ್ದರಿಂದ. ತಮಾಷೆಯೆಂದರೆ, ಸಮಭಾಜಕವೃತ್ತಕ್ಕೆ ಹತ್ತಿರವಿರುವ, ಸಮುದ್ರಮಟ್ಟದಿಂದ ಏಳೆಂಟುನೂರು ಮೀಟರ್ ಎತ್ತರದಲ್ಲಿರುವ ಮಧುಗಿರಿಯಲ್ಲಿ ಅದರ ನಿಜವಾದ ಬೆಲೆ ಸುಮಾರು 978. ಶಾಲೆಯ ದಾರ ಗುಂಡಿನಿಂದ ಈ ಎರಡರ ವ್ಯತ್ಯಾಸ ಹಿಡಿಯಲಾಗದು ನಿಜ. ಆದರೆ ಪುಸ್ತಕಕ್ಕೆ ಸರಿಹೊಂದಲೆಂದು ಸುಳ್ಳು ಬರೆದವನಿಗೆ ಕಡೆಗೆ ಪುಸ್ತಕದ ಸಂಖ್ಯೆ ಸಿಕ್ಕಿತು, ತನ್ನೂರಿನ ಭೂಮಿಯ ಸಂಖ್ಯೆ ಸಿಗಲಿಲ್ಲ. 965 ಬಂದದ್ದನ್ನು 965 ಎಂದೇ ಬರೆದು ಅಳುಮೋರೆ ಹಾಕಿಕೊಂಡು ನಿಂತ ಹುಡುಗನಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಎಲ್ಲರೂ ಕೊಡುವುದಿಲ್ಲ, ಅದು ಗೊತ್ತು. ಅಂಕ ಹೋಗಬಹುದೆಂದು ತಿಳಿದೂ 965 ಬರೆಯುವ ಹುಡುಗನ ಬಗ್ಗೆಯೇ ಇಷ್ಟು ಹೊತ್ತು ಹೇಳುತ್ತಿರುವುದು.

ಪೋಷಕರಲ್ಲಿ ನನ್ನದೊಂದು ಕೇಳಿಕೆ. ಮಗಳ ಪ್ರಾಜೆಕ್ಟನ್ನು ಅಂಗಡಿಯಿಂದ ಕೊಂಡು ತಂದು, ‘ನೀನೇ ಮಾಡಿದ್ದು ಅಂತ ಹೇಳು’ ಎಂದು ಕಳುಹಿಸಬೇಡಿ. ಸಂಜೆ ಅದೇ ಮಗಳನ್ನು ದೇವರ ಮುಂದೆ ಕೂರಿಸಿ, ಅಥವಾ ಬೈಬಲ್ ತೆರೆಸಿ, ಸುಳ್ಳು ಹೇಳಬಾರದೆಂದು ಓದಿಸುವಾಗ ಅವಳು ಎರಡನ್ನೂ ಕಲಿಯುತ್ತಾಳೆ: ಸತ್ಯ ಎಂಬುದು ಓದುವ ಪಾಠ, ಸುಳ್ಳು ಎಂಬುದು ಮಾಡುವ ಕೆಲಸ. ಇದು ಕ್ರೈಸ್ತರ ಮನೆಯ ಮಾತಷ್ಟೇ ಅಲ್ಲ. ಒಳಗಿನ ಶುದ್ಧಿ ಹೊರಗಿನ ಶುದ್ಧಿಗಳ ಮಾತನ್ನು ನಮ್ಮ ಶರಣರು 12ನೆಯ ಶತಮಾನದಲ್ಲೇ ಆಡಿದ್ದಾರೆ. ಶಿರಾದ ನನ್ನ ಮುಸ್ಲಿಂ ಸ್ನೇಹಿತರು ‘ನಿಯ್ಯತ್’ ಸರಿಯಿಲ್ಲದ ನಮಾಜನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕೊರಟಗೆರೆ ಕಡೆಯ ಹುಣಸೆಹಣ್ಣಿನ ವ್ಯಾಪಾರದಲ್ಲಿ ತಕ್ಕಡಿಗೆ ಇಲಾಖೆಯ ಮುದ್ರೆಯಿರುತ್ತದೆ. ಮುದ್ರೆ ತಕ್ಕಡಿಗೆ; ತಕ್ಕಡಿಯ ಅಂಚಿಗೆ ತಾಕುವ ಹೆಬ್ಬೆರಳಿಗೆ ಯಾವ ಮುದ್ರೆಯೂ ಇಲ್ಲ. ಲೂಕನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ಬರುವ ಜಕ್ಕಾಯ ಇಂಥದೇ ಕಸುಬಿನವನು. ಯೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ, ಹಣವಂತ, ಗಿಡ್ಡ ಆಳು. ಜನರ ಗುಂಪಿನಲ್ಲಿ ಯೇಸುವನ್ನು ನೋಡಲಾಗದೆ ಅತ್ತಿಮರ ಹತ್ತಿ ಕುಳಿತಿದ್ದ. ಯೇಸು ಮರದ ಕೆಳಗೆ ನಿಂತು, ಇವತ್ತು ನಿನ್ನ ಮನೆಗೆ ಬರುತ್ತೇನೆ ಎಂದ. ಪಾಪಿಯ ಮನೆಗೆ ಹೋಗುತ್ತಾನಲ್ಲ ಎಂದು ಊರೆಲ್ಲ ಗೊಣಗಿತು. ಯೇಸು ಅವನಿಗೆ ಉಪದೇಶ ಮಾಡಿದ್ದಾಗಲಿ, ಲೆಕ್ಕ ಕೇಳಿದ್ದಾಗಲಿ ಕಥೆಯಲ್ಲಿಲ್ಲ. ಜಕ್ಕಾಯನೇ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಡುತ್ತೇನೆ, ಯಾರಿಂದಲಾದರೂ ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದ. ಲೆಕ್ಕ ಬರುವ ಮಕ್ಕಳು ಗಮನಿಸಿ. ತಾನೇ ಒಪ್ಪಿಕೊಂಡ ಮೋಸಕ್ಕೆ ಮೋಶೆಯ ಧರ್ಮಶಾಸ್ತ್ರ ಕೇಳುತ್ತಿದ್ದುದು ಅಸಲು, ಅದರ ಮೇಲೆ ಐದನೆಯ ಒಂದು ಭಾಗ. ನೂರು ರೂಪಾಯಿ ಹೊಡೆದವನು ನೂರಿಪ್ಪತ್ತು ಕೊಟ್ಟರೆ ವಿಧಿ ಪೂರೈಸಿತು. ಜಕ್ಕಾಯ ಕೊಡಲು ಹೊರಟದ್ದು ನಾನೂರು.